ನಿಮ್ಮ ಸರದಿ, ಕ್ಯಾಪ್ಟನ್ ಸಾಹೇಬರೇ!

ಕಂಪ್ಯೂಟರ್ ಗೇಮು ಅಂದ ತಕ್ಷಣ ಮುಖ ಸಿಂಡರಿಸುವ ಅಪ್ಪ-ಅಮ್ಮಂದಿರೇ, ಐದು ನಿಮಿಷ ತಾಳ್ಮೆಯಿರಲಿ. ನಾನು ಹೇಳಹೊರಟಿರುವುದು ಡಿಶುಂ ಡಿಶುಂ ಆಟವಲ್ಲ. ಚದುರಂಗದ ಹಾಗೆ ಸರದಿಯ ಪ್ರಕಾರ ಆಡುವಂಥದ್ದು. ನಡುವೆ ಎದ್ದು ಹೋಗಿ ಸಾರು-ಅನ್ನ ಉಂಡು ಬಂದರೂ ಶತ್ರು ಕಾಯುತ್ತಿರುತ್ತಾನೆ!

ಹೆಸರು ‘ಅಟ್ಲಾಂಟಿಕ್ ಫ್ಲೀಟ್’. ಕಿಲ್ಲರ್‌ಫಿಶ್ ಗೇಮ್ಸ್ ಎಂಬ ಪುಟ್ಟ ತಂಡದ್ದು. 2015ರಲ್ಲಿ ಮೊಬೈಲಿಗೆ ಬಂತು, ಮರುವರ್ಷ ಕಂಪ್ಯೂಟರಿಗೆ. ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಸಾಗರವೇ ರಣರಂಗ. ಬ್ರಿಟಿಷ್ ಕಡೆಯ ಹಡಗುಗಳನ್ನಾದರೂ ನಡೆಸಿ, ಜರ್ಮನರದ್ದನ್ನಾದರೂ ನಡೆಸಿ. ಮಜಾ ಇರುವುದು ಗುರಿಯಿಡುವುದರಲ್ಲಿ. ಫಿರಂಗಿಯನ್ನು ಎತ್ತ ತಿರುಗಿಸಬೇಕು, ಎಷ್ಟು ಮೇಲೆತ್ತಬೇಕು ಎಂದು ನೀವೇ ಅಂದಾಜು ಮಾಡಬೇಕು. ಮೊದಲ ಗುಂಡು ಸಾಮಾನ್ಯವಾಗಿ ನೀರಿಗೇ ಬೀಳುತ್ತದೆ. ಎಷ್ಟು ಈಚೆ ಬಿತ್ತು ಅಂತ ನೋಡಿಕೊಂಡು ಮುಂದಿನ ಸರದಿಯಲ್ಲಿ ತಿದ್ದಿಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿ ಜಾಗ ಬದಲಿಸಿರುತ್ತಾನೆ. ತ್ರಿಕೋನಮಿತಿ ಯಾಕಮ್ಮಾ ಕಲಿಯಬೇಕು ಎನ್ನುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇಂಥ ಆಟವನ್ನು ಆಗ ನಿಜವಾಗಿಯೇ ಆಡಿದ್ದರು! 1942ರಲ್ಲಿ ಲಿವರ್‌ಪೂಲಿನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ ಒಂದು ಕೋಣೆಯ ನೆಲವನ್ನೇ ಸಮುದ್ರ ಮಾಡಿ, ಸೀಮೆಸುಣ್ಣದಲ್ಲಿ ಹಡಗುಗಳ ದಾರಿ ಗುರುತಿಸಿ, ಜರ್ಮನ್ ಸಬ್‌ಮರೀನುಗಳ ತಂತ್ರವನ್ನು ಬಿಡಿಸಿದ. ಜೊತೆಗಿದ್ದವರು ನೌಕಾಪಡೆಯ ಎಳೆಯ ಹುಡುಗಿಯರು. ತರಬೇತಿಗೆ ಬಂದ ಅಧಿಕಾರಿಗಳು ಪರದೆಯ ಕಿಂಡಿಯಲ್ಲಿ ಕಂಡಷ್ಟನ್ನೇ ನೋಡಿ ತೀರ್ಮಾನ ಮಾಡಬೇಕಿತ್ತು.

ಒಂದು ಮಾತು ಮಾತ್ರ ಮಕ್ಕಳಿಗೆ ಹೇಳಲೇಬೇಕು. ಪರದೆಯ ಮೇಲೆ ಸರಕು ಹಡಗು ಮುಳುಗಿದರೆ ಅದು ಲೆಕ್ಕಕ್ಕೆ ಒಂದು. ಆದರೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದವರು, ಅಡುಗೆ ಮಾಡುತ್ತಿದ್ದವರು, ಡೆಕ್ ತೊಳೆಯುತ್ತಿದ್ದವರಲ್ಲಿ ಸಾವಿರಾರು ಜನ ನಮ್ಮ ದೇಶದವರು. ಲಸ್ಕರರು ಎಂದು ಅವರನ್ನು ಕರೆಯುತ್ತಿದ್ದರು. ‘ಸಿಟಿ ಆಫ್ ಬನಾರಸ್’ ಎಂಬ ಹಡಗು 1940ರ ಸೆಪ್ಟೆಂಬರಿನಲ್ಲಿ, ಬಾಂಬಿನಿಂದ ಪಾರುಮಾಡಲೆಂದು 90 ಮಕ್ಕಳನ್ನು ಕೆನಡಾಕ್ಕೆ ಕರೆದೊಯ್ಯುತ್ತಿತ್ತು. ಯು-48 ಎಂಬ ಸಬ್‌ಮರೀನು ರಾತ್ರಿ ಟಾರ್ಪೆಡೋ ಹೊಡೆಯಿತು. 77 ಮಕ್ಕಳು ಸತ್ತರು. ಸಿಬ್ಬಂದಿಯಲ್ಲಿ ಬಹುಪಾಲು ಲಸ್ಕರರು. ಬೆಚ್ಚಗಿನ ಸಮುದ್ರದ ಆ ಜನ ಕೊರೆಯುವ ಚಳಿಯಲ್ಲಿ ದೋಣಿಗಳಲ್ಲೇ ಹೆಣವಾದರು. ಒಂದು ಲೈಫ್‌ಬೋಟು ಮಾತ್ರ ಆರು ಮಕ್ಕಳನ್ನೂ ಹಲವು ಲಸ್ಕರರನ್ನೂ ಹೊತ್ತು ಎಂಟು ದಿನ ತೇಲಿ, ಕೊನೆಗೆ ವಿಮಾನದ ಕಣ್ಣಿಗೆ ಬಿತ್ತು.

ಹಾಗಾಗಿ ನಮ್ಮ ಮನೆಯಲ್ಲಿ ಜರ್ಮನ್ ಕಡೆಯಿಂದ ಆಡುವ ಮಗ ಸರಕು ಹಡಗು ಮುಳುಗಿಸಿ ಕುಣಿದಾಗ, ‘ಒಳಗೆ ಯಾರಿದ್ದರೋ?’ ಎಂದು ಕೇಳುತ್ತೇನೆ. ಮೊದಮೊದಲು ‘ಅಪ್ಪಾ, ಇದು ಬರೀ ಗೇಮು’ ಅನ್ನುತ್ತಿದ್ದ. ಹೋದ ವಾರ ಅವನೇ ಲಸ್ಕರರ ಹೆಸರು ಎಲ್ಲಿ ಬರೆದಿದ್ದಾರೆ ಅಂತ ಕೇಳಿದ. ಮುಂಬಯಿಯ ಇಂಡಿಯನ್ ಸೀಮೆನ್ಸ್ ಹೋಮ್‌ನಲ್ಲಿ ಆ ಯುದ್ಧದಲ್ಲಿ ಮಡಿದ ಭಾರತೀಯ ನಾವಿಕರ ಸ್ಮಾರಕವಿದೆ. ಮುಂದಿನ ಸಲ ಊರಿಗೆ ಹೋಗುವಾಗ ಮುಂಬಯಿ ಮೇಲೆ ಟಿಕೆಟ್ ಮಾಡಿಸಬೇಕಂತೆ.