ಬಿತ್ತದೆ ಬೆಳೆಯುವ ಆಹಾರ: ಹೊಲ, ಬದು, ಗೋಮಾಳಗಳ ಸೊಪ್ಪು, ಕಾಯಿ ಮತ್ತು ಹಣ್ಣುಗಳು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಗಳು. ಮುಂಗಾರಿನಲ್ಲಿ ಬಿತ್ತಿದ ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳಗಳು ಕೈಗೆ ಬರಲು ಮೂರು ನಾಲ್ಕು ತಿಂಗಳು ಹಿಡಿಯುವುದು. ಹಳೆಯ ಕಾಳು ತೀರುತ್ತ ಬಂದು, ಹೊಸ ಪೈರು ಇನ್ನೂ ಎಳೆಯದಾಗಿರುವ ಈ ಅವಧಿಯಲ್ಲಿಯೇ ಹೊಲಗಳಲ್ಲಿಯೂ ಬದುಗಳಲ್ಲಿಯೂ ಯಾರೂ ಬಿತ್ತದ ಅನೇಕ ಸೊಪ್ಪುಕಾಯಿಗಳು ದೊರೆಯುತ್ತವೆ. ಇವನ್ನು ಹೆಚ್ಚಾಗಿ ಆಯುವವರು ಭೂಮಿಯಿಲ್ಲದ ಕುಟುಂಬಗಳ ಹೆಂಗಸರು. ಆದರೆ ಇವು ಉಳಿಯುವುದೂ ಅಳಿಯುವುದೂ ಭೂಮಿಯುಳ್ಳವರ ಕೈಯಲ್ಲಿದೆ. ಆದಕಾರಣ ಈ ವಿಷಯವನ್ನು ಭೂಮಾಲೀಕರೂ ಗ್ರಾಮದ ಮುಖಂಡರೂ ಚೆನ್ನಾಗಿ ತಿಳಿದಿರುವುದು ಅವಶ್ಯಕ.

1. ಮುಂಗಾರಿನ ಸೊಪ್ಪುಗಳು

ಮೃಗಶಿರ, ಆರಿದ್ರ ಮಳೆಗಳು ಬಿದ್ದ ಕೆಲವು ದಿನಗಳಲ್ಲಿಯೇ ಅಣ್ಣೆಸೊಪ್ಪು, ಕಿರಕಸಾಲಿ, ಗೋಣಿಸೊಪ್ಪು, ತಗಚೆ ಮೊದಲಾದವು ಮೊಳೆಯುತ್ತವೆ. ಕೆರೆಯಂಗಳ ಮತ್ತು ಹಳ್ಳದ ದಂಡೆಯ ತೇವದಲ್ಲಿ ಹೊನಗೊನೆ ಹಬ್ಬುವುದು. ಹೂವಾಡುವುದಕ್ಕೆ ಮುಂಚೆ ಎಳೆಯ ಕುಡಿಗಳನ್ನು ಮಾತ್ರ ಚಿವುಟತಕ್ಕದ್ದು. ಬಲಿತ ಎಲೆಯಲ್ಲಿ ನಾರೂ ಕಹಿಯೂ ಹೆಚ್ಚು. ಈ ಸೊಪ್ಪುಗಳಲ್ಲಿ ಕಣ್ಣಿಗೆ ಹಿತವಾದ ಎ ಜೀವಸತ್ವದ ಮೂಲವಸ್ತುವೂ ಸುಣ್ಣ, ಕಬ್ಬಿಣದ ಅಂಶಗಳೂ ಇರುತ್ತವೆ. ಹುಣಸೆಹುಳಿಯನ್ನೋ ನಿಂಬೆರಸವನ್ನೋ ಕೂಡಿಸಿ ತಿಂದರೆ ಒಳ್ಳೆಯದು. ಹುಳಿಯಿಂದ, ವಿಶೇಷವಾಗಿ ನಿಂಬೆಯಿಂದ, ಕಬ್ಬಿಣದ ಅಂಶವು ಶರೀರಕ್ಕೆ ಹೆಚ್ಚಾಗಿ ಸೇರುವುದು. ಗೋಣಿಸೊಪ್ಪು, ಕಿರಕಸಾಲಿಗಳಲ್ಲಿ ಆಕ್ಸಲಿಕ್ ಆಮ್ಲವಿರುವುದರಿಂದ ಅವನ್ನು ಬೇಯಿಸಿ ಕಟ್ಟನ್ನು ಚೆಲ್ಲತಕ್ಕದ್ದು. ಮೂತ್ರದಲ್ಲಿ ಕಲ್ಲಿನ ಬಾಧೆಯುಳ್ಳವರು ಇವನ್ನು ಮಿತವಾಗಿ ತಿನ್ನಬೇಕು.

2. ಕರ್ಚಿಕಾಯಿ

ಈ ಸೀಮೆಯ ಎರೆಹೊಲಗಳಲ್ಲಿ ಮಳೆಗಾಲದಲ್ಲಿ ಕಾಣುವ ಕರ್ಚಿಕಾಯಿಯು ಹಾಗಲದ ಜಾತಿಗೆ ಸೇರಿದ ಬಳ್ಳಿ. ಕಾಯಿ ಚಿಕ್ಕದು, ಏಣುಳ್ಳದ್ದು, ಸ್ವಲ್ಪ ಕಹಿ. ಎಳೆಯ ಕಾಯಿಗಳನ್ನು ಎಣ್ಣೆಯಲ್ಲಿ ಹುರಿದು, ಶೇಂಗಾಪುಡಿ, ಖಾರ, ಉಪ್ಪು ಬೆರಸಿದರೆ ಜೋಳದ ರೊಟ್ಟಿಗೆ ಉತ್ತಮ ಪಲ್ಯವಾಗುವುದು. ಸಂತೆಯಲ್ಲಿ ಇದಕ್ಕೆ ಒಳ್ಳೆಯ ಬೆಲೆಯುಂಟು. ಹಾಗಲಕಾಯಿಗಿಂತ ಇದರಲ್ಲಿ ಸುಣ್ಣದ ಅಂಶ ಹೆಚ್ಚೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಈ ಬಳ್ಳಿಯು ಬದುಕಿರುವುದು ನೆಲದೊಳಗಿನ ಗೆಡ್ಡೆಯಿಂದ. ಮಳೆ ಹಿಂತೆಗೆದ ಮೇಲೆ ಬಳ್ಳಿ ಒಣಗಿಹೋದರೂ ಗೆಡ್ಡೆಯು ಬೇಸಿಗೆಯನ್ನು ಕಳೆದು, ಮರುವರ್ಷದ ಮಳೆಗೆ ಚಿಗುರುವುದು. ಬೀಜದಿಂದ ಇದು ಸುಲಭವಾಗಿ ಹುಟ್ಟುವುದಿಲ್ಲ. ಆದುದರಿಂದ ಬಳ್ಳಿಯನ್ನು ಕೀಳದೆ ಕಾಯಿಯನ್ನು ಮಾತ್ರ ಬಿಡಿಸತಕ್ಕದ್ದು. ಟ್ರಾಕ್ಟರಿನ ಆಳ ಉಳುಮೆಯಲ್ಲಿ ಗೆಡ್ಡೆ ಮೇಲಕ್ಕೆ ಬಂದರೆ ಅದನ್ನು ಬಿಸಾಡದೆ ಬದುವಿನಲ್ಲಿ ಹೂಳಿಡುವುದು ಲೇಸು. ಗೆಡ್ಡೆಯನ್ನು ತಿನ್ನಕೂಡದು, ಅದು ಗರ್ಭಪಾತವನ್ನು ಉಂಟುಮಾಡಬಲ್ಲದು.

3. ಹಿಂಗಾರು ಮತ್ತು ಬೇಸಿಗೆ

ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಗುಡ್ಡಗಳಲ್ಲಿ ಸೀತಾಫಲ ಬಲಿಯುವುದು. ಇದರ ಬೀಜದ ಪುಡಿಯು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಹಿಂಗಾರಿನ ಹೊಲಗಳಲ್ಲಿ ಸಿಕ್ಕುವ ಹತ್ತರಕಿಯನ್ನು ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುವರು. ಚಳಿಗಾಲದಲ್ಲಿ ಬಾರೆಹಣ್ಣು, ಬೇಸಿಗೆಯಲ್ಲಿ ತೂಬರೆ, ಕವಳೆ ಹಣ್ಣುಗಳು ಮಾಗುತ್ತವೆ. ಬಾರೆಹಣ್ಣನ್ನು ಒಣಗಿಸಿಟ್ಟರೆ ಹಲವು ತಿಂಗಳು ಕೆಡದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಹಣ್ಣುಗಳು ಕರಡಿಗಳ ಆಹಾರ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಆಯಕೂಡದು. ಹಣ್ಣು ಸಿಗದ ಕರಡಿಯು ಊರಿನ ಹೊಲಕ್ಕೆ ಬರುವುದೆಂಬುದನ್ನೂ ನೆನಪಿಡಬೇಕು.

4. ಎಚ್ಚರಿಕೆಗಳು

ಗುರುತು ತಿಳಿಯದ ಗಿಡವನ್ನು ಎಂದಿಗೂ ತಿನ್ನಕೂಡದು. ದತ್ತೂರಿಯ ಎಲೆ ಬೀಜಗಳು, ಗುಲಗಂಜಿ, ಕಾಡುಹರಳಿನ ಬೀಜ ಇವು ವಿಷಕರ. ಮಕ್ಕಳಿಗೆ ಇವನ್ನು ಮೊದಲೇ ತೋರಿಸಿ ತಿಳಿಸತಕ್ಕದ್ದು. ಅಕಸ್ಮಾತ್ ತಿಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಗಿಡದ ತುಂಡೊಂದನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನೂ ಊರ ಕೊಳಚೆ ಹರಿಯುವ ಕಡೆಯ ಹೊನಗೊನೆಯನ್ನೂ ತರಕೂಡದು. ತೊಳೆದ ಮಾತ್ರಕ್ಕೆ ಆ ದೋಷವು ಪೂರ್ತಿಯಾಗಿ ಹೋಗುವುದಿಲ್ಲ.

5. ಭೂಮಾಲೀಕರೂ ಮುಖಂಡರೂ ಮಾಡತಕ್ಕದ್ದು

ಪೈರಿನ ಸಾಲಿನಲ್ಲಿ ಅಣ್ಣೆಯಾಗಲಿ ಕಿರಕಸಾಲಿಯಾಗಲಿ ಕಳೆಯೇ ಸರಿ. ಅದನ್ನು ತೆಗೆಯದಿದ್ದರೆ ಇಳುವರಿ ಕುಗ್ಗುವುದು. ಆದರೆ ಎಡೆಕುಂಟೆ ಹೊಡೆದು, ಕೈಯಿಂದ ಕಳೆ ತೆಗೆಸಿದರೆ ಹೊಲವೂ ಹಸನಾಗುವುದು, ಕಳೆ ತೆಗೆದವರ ಮನೆಗೆ ಪಲ್ಯವೂ ಸಿಕ್ಕುವುದು. ಕೂಲಿಯ ಅಭಾವದಿಂದ ಕಳೆನಾಶಕವನ್ನು ಬಳಸಲೇಬೇಕಾದವರು ಅದನ್ನು ಬೆಳೆಯ ಸಾಲುಗಳಿಗೆ ಮಾತ್ರ ಸಿಂಪಡಿಸಿ, ಬದುಗಳನ್ನೂ ಹಳ್ಳದ ದಂಡೆಗಳನ್ನೂ ಬಿಡಬೇಕು. ಸಿಂಪಡಿಸುವ ದಿನವನ್ನು ಸೊಪ್ಪು ಆಯುವವರಿಗೆ ಮುಂಚಿತವಾಗಿ ತಿಳಿಸುವುದು ಮಾಲೀಕರ ಕರ್ತವ್ಯ.

ಆಯುವವರು ಒಂದೆಡೆಯ ಕುಡಿಗಳನ್ನೆಲ್ಲ ಚಿವುಟದೆ, ಕೆಲವು ಗಿಡಗಳನ್ನು ಬೀಜಕ್ಕೆ ಬಿಡಬೇಕು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ರಚಿತವಾಗಿ, ಊರಿನ ಸಸ್ಯಗಳ ದಾಖಲೆಯನ್ನು ಬರೆದಿಡಬೇಕಾಗಿದೆ. ಮುಖಂಡರು ಆ ದಾಖಲೆಯಲ್ಲಿ ಊರಿನ ವೃದ್ಧ ಹೆಂಗಸರಿಂದ ಕೇಳಿ ತಿಳಿದ ಹೆಸರು, ಸ್ಥಳ, ಕಾಲಗಳನ್ನು ಬರೆಸಿದರೆ ಮುಂದಿನವರಿಗೆ ಉಪಕಾರವಾಗುವುದು.

1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆಯು ಅಪಾರ ಜನರನ್ನು ಕಳೆದುಕೊಂಡಿತು. ಅಂಥ ಬರವನ್ನು ಅಡವಿಯ ಸೊಪ್ಪೊಂದೇ ತಡೆಯಲಾರದು. ಮಳೆ ಪೂರ್ತಿಯಾಗಿ ಕೈಕೊಟ್ಟರೆ ಸೊಪ್ಪೂ ಮೊಳೆಯದು. ಆದರೆ ಅರೆಬರದ ವರ್ಷಗಳಲ್ಲಿ, ಬಿತ್ತಿದ್ದು ಒಣಗಿದರೂ ಒಂದೆರಡು ಹದಮಳೆಗೆ ಸೊಪ್ಪು ಚಿಗುರುವುದುಂಟು. ಆ ವರ್ಷ ಸೊಪ್ಪು ಸಿಗಬೇಕಾದರೆ ಸುಭಿಕ್ಷದ ವರ್ಷಗಳಲ್ಲಿ ಬದುವಿನ ಬೀಜವನ್ನೂ ಎರೆಯ ಗೆಡ್ಡೆಯನ್ನೂ ಉಳಿಸಿರಬೇಕು.