ಬಳಿದ ಬಣ್ಣವಲ್ಲ, ನಾದಿದ ಬಣ್ಣ

ರಾಮನಗರ ದಾಟಿ ಹಳೆಯ ಮೈಸೂರು ರಸ್ತೆಯಲ್ಲಿ ಹೋಗುವಾಗ ಕೆಂಗಲ್ ಆಂಜನೇಯನಿಗೆ ಕೈಮುಗಿದು ಮುಂದೆ ಹೊರಟರೆ, ಸ್ವಲ್ಪ ಹೊತ್ತಿನಲ್ಲೇ ಚನ್ನಪಟ್ಟಣದ ಗೊಂಬೆ ಅಂಗಡಿಗಳು ಸಿಗುತ್ತವೆ. ಅಲ್ಲಿಂದ ತಂದ ಬುಗುರಿಯೋ ಗಿಲಕಿಯೋ ನಿಮ್ಮ ಮನೆಯಲ್ಲೂ ಇರಬಹುದು. ಅದರ ಮೈಮೇಲೆ ಬೆರಳಾಡಿಸಿ ನೋಡಿ. ಕುಂಚದ ಗೆರೆ ಎಲ್ಲೂ ತಗಲುವುದಿಲ್ಲ. ಹಾಗಾದರೆ ಈ ಬಣ್ಣ ಹತ್ತಿದ್ದು ಹೇಗೆ?

ಇದನ್ನು ತಿಳಿಯಲು ಮೊದಲು ಜಪಾನಿನ ಕುಂಬಾರರ ಒಂದು ಕೆಲಸವನ್ನು ನೋಡೋಣ. ಅದರ ಹೆಸರು ನೆರಿಕೋಮಿ. ನಾದಿ ಬೆರೆಸುವುದು ಎಂಬ ಅರ್ಥ ಆ ಹೆಸರಿನಲ್ಲೇ ಇದೆ. ಕುಂಬಾರನು ಒಂದೇ ಜೇಡಿಮಣ್ಣನ್ನು ಪಾಲು ಮಾಡಿ, ಒಂದಕ್ಕೆ ಕಬ್ಬಿಣದ ಆಕ್ಸೈಡ್, ಇನ್ನೊಂದಕ್ಕೆ ಕೋಬಾಲ್ಟ್ ಸೇರಿಸಿ ನಾದುತ್ತಾನೆ. ಸುಟ್ಟಾಗ ಮೊದಲನೆಯದು ಕಂದು, ಎರಡನೆಯದು ನೀಲಿ. ಈ ಬಣ್ಣದ ಮಣ್ಣುಗಳನ್ನು ಪದರ ಪದರವಾಗಿ ಒತ್ತಿ, ಅಡ್ಡಲಾಗಿ ಕತ್ತರಿಸಿ, ಆ ಬಿಲ್ಲೆಗಳನ್ನು ಜೋಡಿಸಿ ಪಾತ್ರೆ ಮಾಡುತ್ತಾನೆ. ಪಾತ್ರೆ ಒಡೆದರೂ ಚೂರಿನ ಒಳಗೆ ಅದೇ ಚಿತ್ತಾರ ಕಾಣುತ್ತದೆ. ಇದರ ಸೋದರ ವಿಧಾನವಾದ ನೆರಿಆಗೆಯಲ್ಲಿ ಪರಿಣತರಾಗಿದ್ದ ಮಾತ್ಸುಯಿ ಕೋಸೆಯಿ ಅವರನ್ನು ಜಪಾನ್ ಸರ್ಕಾರ 1993ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಿತು.

ಇಲ್ಲಿ ಕಷ್ಟ ಇರುವುದು ಒಣಗಿಸುವುದರಲ್ಲಿ. ಮಣ್ಣು ಒಣಗುತ್ತಾ ಕುಗ್ಗುತ್ತದೆ. ಒಂದು ಪದರ ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿದರೆ ಜೋಡಣೆ ಬಿರಿಯುತ್ತದೆ. ಒಂದೇ ಮಣ್ಣಿನಿಂದ ಎಲ್ಲ ಬಣ್ಣ ಮಾಡುವುದು, ಆತುರವಿಲ್ಲದೆ ನಿಧಾನವಾಗಿ ಒಣಗಿಸುವುದು ಇದಕ್ಕಾಗಿಯೇ.

ಈಗ ಚನ್ನಪಟ್ಟಣಕ್ಕೆ ಬನ್ನಿ. ಇಲ್ಲಿ ಮಣ್ಣಿನ ಬದಲು ಅರಗು. ಅರಗಿನ ಹುಳುಗಳು ಮರದ ಕೊಂಬೆಗಳ ಮೇಲೆ ಬಿಡುವ ಅಂಟು ಅದು. ಅರಗನ್ನು ಬಿಸಿಗೆ ಮೆತ್ತಗಾಗಿಸಿ, ಬಣ್ಣ ಹಾಕಿ, ಎಳೆದು ಮಡಿಸಿ ಮತ್ತೆ ಎಳೆದು ನಾದುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ, ಎರಡೂ ಕೂಡಿದರೆ ಹಸಿರು. ನಾದಿದ ಅರಗು ಆರಿ ಕಡ್ಡಿಯಾಗುತ್ತದೆ. ಲೇತಿನಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಆ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ. ಗೊಂಬೆಯ ಪಟ್ಟೆಗಳೆಲ್ಲ ಉಂಗುರದಂತೆ ಇರುವುದಕ್ಕೆ ಕಾರಣ ಇದೇ. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು. ಕಣ್ಣು, ಮೂಗು ಮಾತ್ರ ಕುಂಚದ ಕೆಲಸ.

ಇಲ್ಲಿಯೂ ಒಣಗಿಸುವುದೇ ಗುಟ್ಟು. ಹಸಿ ಮರ ಆಮೇಲೆ ಕುಗ್ಗಿ ಅರಗಿನ ಪದರವನ್ನು ಬಿರಿಸುತ್ತದೆ. ಆದ್ದರಿಂದ ಮರವನ್ನು ತಿಂಗಳುಗಟ್ಟಲೆ ಆರಲು ಬಿಡುತ್ತಾರೆ. ಒಂದು ವ್ಯತ್ಯಾಸವನ್ನೂ ಹೇಳಬೇಕು: ಜಪಾನಿನ ಪಾತ್ರೆಯಲ್ಲಿ ಬಣ್ಣ ಒಡಲಿನುದ್ದಕ್ಕೂ ಇರುತ್ತದೆ, ನಮ್ಮ ಗೊಂಬೆಯಲ್ಲಿ ತೆಳ್ಳನೆಯ ಹೊದಿಕೆಯಾಗಿ ನಿಲ್ಲುತ್ತದೆ.

ಜಪಾನಿನ ಹೆಸರು ಚನ್ನಪಟ್ಟಣಕ್ಕೆ ಹೊಸದೇನೂ ಅಲ್ಲ. ಅಲ್ಲಿನ ಗೊಂಬೆ ಮಾಡುವ ವಿಧಾನಗಳನ್ನು ಈ ಊರಿನ ಕುಶಲಕರ್ಮಿಗಳಿಗೆ ಪರಿಚಯಿಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಇಂದಿಗೂ ನೆನೆಯುತ್ತಾರೆ.

ಎಳೆಯ ಮಗು ಗೊಂಬೆಯನ್ನು ಮೊದಲು ಒಯ್ಯುವುದು ಬಾಯಿಗೆ. ಅರಿಶಿನ, ನೀಲಿ ಗಿಡದ ಬಣ್ಣ ಹಾಕಿದ ಅರಗಾದರೆ ತಾಯಿಗೆ ಅಷ್ಟು ಅಂಜಿಕೆಯಿಲ್ಲ. ಆದರೆ ಎಲ್ಲ ಗೊಂಬೆಗೂ ಗಿಡದ ಬಣ್ಣವೇ ಇರುವುದಿಲ್ಲ. ಕೊಳ್ಳುವಾಗ ‘ಬಣ್ಣ ಯಾವುದರದು?’ ಎಂದು ಕೇಳಿ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಈ ಹೆಸರಿನಲ್ಲಿ ಬೇರೆ ಕಡೆಯ ಸರಕನ್ನು ಮಾರುವಂತಿಲ್ಲ.

2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ವಾಹನಗಳು ಊರನ್ನು ಬಳಸಿ ಹೋಗುತ್ತಿವೆ. ಹಳೆಯ ರಸ್ತೆಯ ಅಂಗಡಿಗಳ ವ್ಯಾಪಾರ ತಗ್ಗಿದೆ. ಗಿರಾಕಿ ಬರದಿದ್ದರೆ ಲೇತು ನಿಲ್ಲುತ್ತದೆ. ಲೇತು ನಿಂತರೆ ಅರಗು ನಾದುವ ಕೈಯನ್ನು ಮತ್ತೆ ತಯಾರು ಮಾಡುವುದು ಸುಲಭವಲ್ಲ. ಮುಂದಿನ ಸಲ ಮೈಸೂರಿಗೆ ಹೊರಟಾಗ ಒಂದರ್ಧ ಗಂಟೆ ಹೆಚ್ಚಾದರೂ ಆಗಲಿ, ಕೆಂಗಲ್ ದಾರಿಯಲ್ಲಿ ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ, ಕಡ್ಡಿಯ ಬಣ್ಣ ಮರಕ್ಕೆ ಹತ್ತುವುದನ್ನು ಅವರು ಕಣ್ಣಾರೆ ನೋಡಲಿ.