ಮೊಬೈಲ್ ಟವರ್ ಕೈಕೊಟ್ಟಾಗ ಹ್ಯಾಮ್ ರೇಡಿಯೋ: ಮನೆಯಲ್ಲಿ ಕಂಬ ನಿಲ್ಲಿಸೋದು ಹೇಗೆ, ಮಳೆಗೆ ಮುಂಚೆ ಏನೇನು ನೋಡ್ಕೋಬೇಕು?

ಮಲೆನಾಡಿನ ತಾಲೂಕುಗಳಲ್ಲಿ ಜೂನ್, ಜುಲೈ ಬಂತು ಅಂದರೆ ಕಥೆ ಒಂದೇ. ಮರ ಬಿತ್ತು, ಲೈನ್ ಕಟ್ ಆಯ್ತು, ಕರೆಂಟ್ ಹೋಯ್ತು. ಕರೆಂಟ್ ಹೋಗಿ ಕೆಲವು ಗಂಟೆಗೆ ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿ. ಜನರೇಟರ್‌ಗೆ ಡೀಸೆಲ್ ಹಾಕೋರು ಬರಲಿಲ್ಲ ಅಂದರೆ ಮುಗೀತು, ಫೋನ್ ಬರೀ ಟಾರ್ಚ್ ಲೈಟ್. ಅಂಗಡಿಯವರಿಗೆ ಸ್ಕ್ಯಾನರ್ ಕೆಲಸ ಮಾಡಲ್ಲ ಅನ್ನೋ ಚಿಂತೆ. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನ ಊರುಗಳಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಇದೆ: ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬ್ಯುಲೆನ್ಸ್‌ಗೆ ಹೇಳೋದು ಹೇಗೆ?

ಇಂಥ ಹೊತ್ತಲ್ಲಿ ಟವರ್, ಕೇಬಲ್, ಇಂಟರ್ನೆಟ್ ಯಾವುದರ ಹಂಗೂ ಇಲ್ಲದೆ ಕೆಲಸ ಮಾಡೋದು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ. ಒಂದು ಸೆಟ್, ಒಂದು ಬ್ಯಾಟರಿ, ಮೇಲೆ ಒಂದು ತಂತಿ. ಆ ಕಡೆ ಇನ್ನೊಬ್ಬರ ಹತ್ತಿರ ಅಷ್ಟೇ ಇದ್ದರೆ ಮಾತು ಹೋಗುತ್ತೆ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಇತ್ತು. ಬಂದಿದ್ದು ಹವ್ಯಾಸಕ್ಕೆ. ಫೋನ್ ಸಂಪರ್ಕ ಕಡಿದು ಹೋದ ಮೇಲೆ ಅದೇ ಸೆಟ್‌ಗಳಿಂದ ದ್ವೀಪದವರ ಸುದ್ದಿ ಹೊರಗಿನವರಿಗೆ ಮುಟ್ಟಿತು.

ನಮ್ಮ ಕಡೆಯೂ ಆಸಕ್ತಿ ಇರುವವರು ಇದ್ದಾರೆ. ಆದರೆ ಹೆಚ್ಚಿನವರು ಎರಡು ಕಾರಣಕ್ಕೆ ಹಿಂದೇಟು ಹಾಕ್ತಾರೆ. ಒಂದು, ದೊಡ್ಡ ಟವರ್ ಬೇಕು ಅನ್ನೋ ತಪ್ಪು ತಿಳಿವಳಿಕೆ. ಇನ್ನೊಂದು, ಸಿಡಿಲಿನ ಭಯ. ಮೊದಲನೆಯದನ್ನು ಬಿಟ್ಟುಬಿಡಬಹುದು. ಎರಡನೆಯದನ್ನು ಬಿಡಬಾರದು.

ಎಷ್ಟು ಎತ್ತರ ಬೇಕು?

ಇದಕ್ಕೆ ಉತ್ತರ ನೀವು ಯಾರ ಹತ್ತಿರ ಮಾತಾಡಬೇಕು ಅನ್ನೋದರ ಮೇಲೆ ಇದೆ. ಕೈಯಲ್ಲಿ ಹಿಡಿಯೋ ಸೆಟ್‌ಗಳು ಬಳಸೋದು ವಿಎಚ್‌ಎಫ್, ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 144ರಿಂದ 146 ಮೆಗಾಹರ್ಟ್ಸ್. ಈ ತರಂಗ ಹೆಚ್ಚುಕಡಿಮೆ ನೇರ ಹೋಗುತ್ತೆ. ಎರಡೂ ಕಡೆ 10 ಮೀಟರ್ ಎತ್ತರದ ಕಂಬ ಇದ್ದರೆ ಬಯಲುಸೀಮೆಯಲ್ಲಿ ಸುಮಾರು 25 ಕಿ.ಮೀ. ಮುಟ್ಟಬಹುದು. ಮಲೆನಾಡಲ್ಲಿ ಆ ಲೆಕ್ಕ ನಡೆಯಲ್ಲ. ಎದುರಿಗೆ ಒಂದು ಗುಡ್ಡ ಬಂದರೆ ಐದು ಕಿ.ಮೀ. ದೂರದ ಊರೂ ಸಿಗದೇ ಇರಬಹುದು. ಗುಡ್ಡದ ತಲೆ ಮೇಲೆ ರಿಪೀಟರ್ ಇದ್ದರೆ ಮಾತ್ರ ದಾರಿ.

ಅದೇ 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡ್ ತಗೊಳ್ಳಿ. ಇಲ್ಲಿ ತರಂಗ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಅಯಾನುಗೋಳಕ್ಕೆ ತಾಗಿ, ಕೊಡೆಯಿಂದ ನೀರು ಇಳಿದ ಹಾಗೆ ಸುತ್ತಲೂ ಕೆಳಗೆ ಬೀಳುತ್ತೆ. ಗುಡ್ಡ, ಘಾಟಿ ಲೆಕ್ಕಕ್ಕೇ ಇಲ್ಲ. ಹಗಲು ಹೊತ್ತು ಮುನ್ನೂರು ಕಿ.ಮೀ. ಸುತ್ತಳತೆಯೊಳಗೆ ಒಳ್ಳೇ ಮಾತು ನಡೆಯುತ್ತೆ, ಅಂದರೆ ಆಗುಂಬೆ ಸೀಮೆಯಿಂದ ಬೆಂಗಳೂರಿನವರೆಗೆ. ರಾತ್ರಿಯಾದ ಮೇಲೆ ಹತ್ತಿರದವರು ಕೇಳಿಸದೆ ದೂರದೇಶದವರು ಕೇಳಿಸೋದೂ ಉಂಟು, ಅದು ಬೇರೆ ಮಾತು. ಮಜಾ ಏನಂದರೆ ಈ ಕೆಲಸಕ್ಕೆ ಆಂಟೆನಾ ಎತ್ತರ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. 25-30 ಅಡಿ ಸಾಕು. ಹತ್ತಿರದ ಜಿಲ್ಲೆಗಳಿಗೆ ಮಾತಾಡೋಕೆ ನೂರಡಿ ಟವರ್‌ಗಿಂತ ಇದೇ ವಾಸಿ.

ಆಂಟೆನಾ ಅಂದರೂ ಬರೀ ತಾಮ್ರದ ತಂತಿ. 7.1 ಮೆಗಾಹರ್ಟ್ಸ್‌ಗೆ ಒಟ್ಟು ಸುಮಾರು 20 ಮೀಟರ್ ಉದ್ದ, ನಡುವೆ ಕತ್ತರಿಸಿ ಎರಡು ತುಂಡು. ನಡುವಿನ ಜಾಗ ಕಂಬದ ತುದಿಗೆ, ಎರಡೂ ತುದಿ ಇಳಿಜಾರಾಗಿ ಆ ಕಡೆ ಈ ಕಡೆ, ದೂರದಿಂದ ನೋಡಿದರೆ ಗುಡಿಸಲಿನ ಮಾಡಿನ ಹಾಗೆ. ತಂತಿ ಮೊದಲು ಸ್ವಲ್ಪ ಉದ್ದವೇ ಇರಲಿ. ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟುಕೊಂಡು ಎರಡೂ ಕಡೆ ಸಮನಾಗಿ ಕತ್ತರಿಸುತ್ತಾ ಬನ್ನಿ. ಮೀಟರ್ 1.5ಕ್ಕಿಂತ ಕಡಿಮೆ ತೋರಿಸಿದರೆ ನೆಮ್ಮದಿ, 3 ದಾಟಿದರೆ ಮಾತಾಡಬೇಡಿ, ಸೆಟ್ ಸುಡುತ್ತೆ. ತುದಿಗಳು ಕೈಗೆ ಸಿಗದ ಹಾಗೆ ಎಂಟು-ಹತ್ತು ಅಡಿ ಮೇಲಿರಬೇಕು. ಮಾತಾಡುವಾಗ ಅಲ್ಲಿ ಮುಟ್ಟಿದರೆ ಚರ್ಮ ಸುಡುತ್ತೆ.

ಕಂಬ ಎಲ್ಲಿ ಬೇಡ ಅನ್ನೋದು ಮೊದಲು

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಯೂಮಿನಿಯಂ ದೋಟಿ, ಏಣಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಕಾರ್ಬನ್ ಫೈಬರ್ ದೋಟಿಯೂ ಕರೆಂಟ್ ಹರಿಸುತ್ತೆ, ಅದು ಸೇಫ್ ಅಂತ ತಿಳ್ಕೊಂಡವರು ಇನ್ನೂ ಇದ್ದಾರೆ. ರೇಡಿಯೋ ಕಂಬ ಎತ್ತುವಾಗ ಆಗೋದೂ ಇದೇ ಅಪಾಯ. ನಿಂತ ಕಂಬಕ್ಕಿಂತ ಎತ್ತುವಾಗ, ಇಳಿಸುವಾಗ ಹೆಚ್ಚು.

ಲೆಕ್ಕ ಹೀಗಿಟ್ಟುಕೊಳ್ಳಿ. ಕಂಬ 30 ಅಡಿ, ಅದರ ಮೇಲೆ ಆರಡಿಯ ವಿಎಚ್‌ಎಫ್ ಆಂಟೆನಾ, ಒಟ್ಟು 36. ಇದರ ಒಂದೂವರೆ ಪಟ್ಟು 54 ಅಡಿ. ಕಂಬದ ಬುಡದಿಂದ ಅಷ್ಟು ದೂರದೊಳಗೆ ಯಾವ ದಿಕ್ಕಿಗೂ ವಿದ್ಯುತ್ ಲೈನ್ ಇರಬಾರದು. ಮನೆಗೆ ಬರೋ ಸರ್ವಿಸ್ ವೈರ್ ಕೂಡ ಲೈನೇ. ತಂತಿ ಆಂಟೆನಾ ಲೈನಿನ ಮೇಲಾಗಲೀ ಕೆಳಗಾಗಲೀ ಹಾಯಬಾರದು. ಜಾಗ ಇಲ್ಲ ಅಂದರೆ ಕಂಬ ಗಿಡ್ಡ ಮಾಡಿ, ಅಂತರ ಕಡಿಮೆ ಮಾಡಬೇಡಿ. ಅನುಮಾನ ಇದ್ದರೆ ಮೆಸ್ಕಾಂ ಲೈನ್‌ಮನ್‌ಗೆ ಒಮ್ಮೆ ತೋರಿಸಿ, ಅವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತೆ.

ಒಬ್ಬರೇ ಎತ್ತೋಕೆ ಹೋಗಬೇಡಿ. ನಾಲ್ಕು ಜನ ಬೇಕು, ಹೇಳೋದು ಒಬ್ಬರೇ ಇರಬೇಕು. ಗಾಳಿ ಇದ್ದ ದಿನ, ಮಳೆ ಬಂದು ನೆಲ ಜಾರೋ ದಿನ ಬೇಡವೇ ಬೇಡ.

ಸ್ಟೇ ವೈರ್‌ನಲ್ಲೇ ಇರೋದು ಎಲ್ಲ

ಎರಡಿಂಚು ಜಿಐ ಪೈಪ್ ಗಟ್ಟಿ, ಆದರೆ 30 ಅಡಿ ಎದ್ದು ನಿಂತ ಪೈಪ್ ತಾನಾಗಿ ನಿಲ್ಲಲ್ಲ. ಅದನ್ನು ನಿಲ್ಲಿಸೋದು ಸ್ಟೇ ವೈರ್. ಮೂರು ದಿಕ್ಕಿಗೆ ಸಮ ಅಂತರದಲ್ಲಿ ಮೂರು ಸ್ಟೇ. ಬುಡದಿಂದ 20-24 ಅಡಿ ದೂರದಲ್ಲಿ ನೆಲಕ್ಕೆ ಕಟ್ಟಬೇಕು. ತೀರಾ ಹತ್ತಿರ ಕಟ್ಟಿದರೆ ಎಳೆತ ಹೆಚ್ಚಾಗಿ ಪೈಪ್ ನಡುವೆ ಬಾಗುತ್ತೆ. 40 ಅಡಿ ಕಂಬ ಆದರೆ ನಡುವೆ ಇನ್ನೊಂದು ಸುತ್ತು ಸ್ಟೇ.

ನಮ್ಮ ಮಣ್ಣಿನ ಗುಣ ಇಲ್ಲಿ ಕೆಲಸಕ್ಕೆ ಬರುತ್ತೆ. ಬೇಸಿಗೆಯಲ್ಲಿ ಹಾರೆ ಇಳಿಯದ ಜಂಬಿಟ್ಟಿಗೆ ನೆಲ, ಆಗಸ್ಟ್ ಹೊತ್ತಿಗೆ ಮೇಲ್ಭಾಗ ನೆನೆದು ಮೆತ್ತಗಾಗಿರುತ್ತೆ. ಹಾಗಾಗಿ ಬರೀ ಗೂಟ ಹೊಡೆದು ಕಟ್ಟೋದು ಬೇಡ. ಮೂರಡಿ ಗುಂಡಿ ತೆಗೆದು ಕಬ್ಬಿಣದ ಕೊಕ್ಕೆ ಇಟ್ಟು ಕಾಂಕ್ರೀಟ್ ಹಾಕಿ, ಒಂದು ವಾರ ನೀರು ಕುಡಿಸಿ, ಆಮೇಲೆ ಎಳೆಯಿರಿ. ಟರ್ನ್‌ಬಕಲ್ ಗಾಳಿಗೆ ತಾನೇ ಬಿಚ್ಚಿಕೊಳ್ಳದ ಹಾಗೆ ಅದರ ನಡುವೆ ಒಂದು ತುಂಡು ತಂತಿ ಸುತ್ತಿ. ನೈಲಾನ್ ಹಗ್ಗ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತೆ ನಿಜ, ಆದರೆ ನೆನೆದರೆ ಹಿಗ್ಗುತ್ತೆ, ಬಿಸಿಲಿಗೆ ಒಂದೆರಡು ವರ್ಷಕ್ಕೆ ಪುಡಿಯಾಗುತ್ತೆ. ಸ್ಟೇಗೆ ಅದು ಬೇಡ.

ಅಡಿಕೆ ಮರಕ್ಕೆ ಸ್ಟೇ ಕಟ್ಟೋ ಆಸೆ ಬರುತ್ತೆ, ಪಕ್ಕದಲ್ಲೇ ಇರುತ್ತಲ್ಲ. ಅದು ಗಾಳಿಗೆ ಎಷ್ಟು ತೂಗುತ್ತೆ ಅಂತ ನೋಡಿದ್ದೀರಿ. ತಂತಿ ಆಂಟೆನಾದ ತುದಿಯನ್ನು ಹಲಸು, ಮಾವಿನಂಥ ಗಟ್ಟಿ ಮರಕ್ಕೆ ಕಟ್ಟಬಹುದು, ಆದರೆ ನೇರ ಬಿಗಿಯಬೇಡಿ. ರಾಟೆ ಹಾಕಿ, ಹಗ್ಗದ ಇನ್ನೊಂದು ತುದಿಗೆ ಕಲ್ಲು ಕಟ್ಟಿ ಬಿಡಿ. ಮರ ತೂಗಿದಾಗ ಕಲ್ಲು ಮೇಲೆ ಕೆಳಗೆ ಆಡುತ್ತೆ, ತಂತಿ ಹರಿಯಲ್ಲ. ಮಂಗ ಜೋಕಾಲಿ ಆಡಿದಾಗಲೂ ಈ ಉಪಾಯ ಸ್ವಲ್ಪ ಮಟ್ಟಿಗೆ ಉಳಿಸುತ್ತೆ!

ಸಿಡಿಲು

ನಮ್ಮಲ್ಲಿ ಸಿಡಿಲಿನ ಕಾಟ ಮಳೆಗಾಲದ ನಡುವೆ ಕಡಿಮೆ, ಏಪ್ರಿಲ್-ಮೇ ಸಂಜೆಗಳಲ್ಲಿ ಹೆಚ್ಚು. ಮತ್ತೆ ಅಕ್ಟೋಬರ್ ಹೊತ್ತಿಗೆ ಒಂದು ಸುತ್ತು.

ಕಂಬದ ಬುಡದಲ್ಲಿ ಅರ್ತಿಂಗ್ ಇರಲೇಬೇಕು. ಎಂಟಡಿ ಉದ್ದದ ತಾಮ್ರ ಲೇಪಿತ ರಾಡ್, ಅಲ್ಲಿಗೆ ಕಂಬದಿಂದ ದಪ್ಪ ತಾಮ್ರದ ಪಟ್ಟಿ, ಆದಷ್ಟೂ ನೇರ, ಸುತ್ತುಬಳಸು ಇಲ್ಲದೆ. ಬಹಳ ಜನ ಇಲ್ಲಿಗೇ ನಿಲ್ಲಿಸ್ತಾರೆ. ಕಂಬಕ್ಕೊಂದು ಅರ್ತ್, ಮನೆಗೊಂದು ಅರ್ತ್, ಎರಡೂ ಬೇರೆ ಬೇರೆ. ಸಿಡಿಲು ಬಡಿದಾಗ ಈ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತೆ, ಅದು ಹಾಯೋಕೆ ಹುಡುಕೋ ದಾರಿ ನಿಮ್ಮ ಸೆಟ್, ಇಲ್ಲವೇ ಸೆಟ್ ಹಿಡಿದ ನೀವು. ಎರಡೂ ಅರ್ತಿಂಗ್ ಅನ್ನು ಹೊರಗಿನಿಂದಲೇ ದಪ್ಪ ತಂತಿಯಲ್ಲಿ ಸೇರಿಸಬೇಕು. ಇದನ್ನು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತ್ ದುರ್ಬಲ ಆಗುತ್ತೆ, ಸಿಡಿಲು ಬರೋದೂ ಆಗಲೇ. ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಬಿಡಿ.

ಇಷ್ಟೆಲ್ಲ ಮಾಡಿದರೂ ನೇರ ಬಡಿಯೋ ಸಿಡಿಲಿಗೆ ಯಾವ ಅರೆಸ್ಟರೂ ಪೂರ್ತಿ ಗ್ಯಾರಂಟಿ ಕೊಡಲ್ಲ. ಆಂಟೆನಾ ಕೇಬಲ್ಲಿನ ಕನೆಕ್ಟರ್ ಸೆಟ್‌ನಿಂದ ಬಿಚ್ಚಿ ಕಿಟಕಿ ಹೊರಗೆ ಹಾಕೋದು ಹಳೇ ಅಭ್ಯಾಸ, ಈಗಲೂ ಅದೇ ಸರಿ. ಆದರೆ ಗುಡುಗು ಕೇಳಿಸೋಕೆ ಶುರುವಾದ ಮೇಲೆ ಹೋಗಿ ಮುಟ್ಟಬೇಡಿ. ಮಾತು ಮುಗಿದ ಕೂಡಲೇ ಬಿಚ್ಚಿಡೋದು ರೂಢಿ ಆಗಲಿ.

ಕೇಬಲ್, ಬ್ಯಾಟರಿ

ಕಂಬದಿಂದ ಮನೆಗೆ ಬರೋ ಕೇಬಲ್‌ನಲ್ಲಿ ಕಾಸು ಉಳಿಸೋಕೆ ಹೋದರೆ ಕಷ್ಟ. ತೆಳು ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ ವಿಎಚ್‌ಎಫ್‌ನಲ್ಲಿ ಪವರ್‌ನ ಮುಕ್ಕಾಲು ಪಾಲು ಕೇಬಲ್ಲೇ ತಿಂದುಬಿಡುತ್ತೆ. ದಪ್ಪನೆ ಆರ್‌ಜಿ-213 ಆದರೆ ಅರ್ಧವಾದರೂ ಉಳಿಯುತ್ತೆ. 7 ಮೆಗಾಹರ್ಟ್ಸ್‌ಗೆ ಮಾತ್ರ ಆದರೆ ತೆಳುವೇ ನಡೆಯುತ್ತೆ. ಮನೆ ಒಳಗೆ ಬರೋ ಮುಂಚೆ ಕೇಬಲ್ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಬರಲ್ಲ. ಹೊರಗಿನ ಕನೆಕ್ಟರ್‌ಗಳಿಗೆ ತನ್ನಷ್ಟಕ್ಕೆ ಅಂಟಿಕೊಳ್ಳೋ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಕರಿ ಇನ್ಸುಲೇಷನ್ ಟೇಪ್. ಬರೀ ಕರಿ ಟೇಪ್ ನಮ್ಮ ಮಳೆಗೆ ನಿಲ್ಲಲ್ಲ.

ಬ್ಯಾಟರಿ ಸುಲಭ. ಮನೆಯ ಇನ್ವರ್ಟರ್‌ನ 150 ಆಂಪಿಯರ್-ಅವರ್ ಬ್ಯಾಟರಿ ಸಾಕು. ಸೆಟ್ ಬರೀ ಕೇಳ್ತಾ ಇದ್ದರೆ ಸುಮಾರು 1 ಆಂಪಿಯರ್, ಮಾತಾಡುವಾಗ ನೂರು ವ್ಯಾಟ್ ಸೆಟ್ 20 ಆಂಪಿಯರ್‌ವರೆಗೂ ಎಳೆಯುತ್ತೆ. ಬೇಕಾದಷ್ಟೇ ಮಾತಾಡಿದರೆ ಒಂದು ದಿನಕ್ಕಿಂತ ಹೆಚ್ಚು ಬರುತ್ತೆ. ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಫ್ಯೂಸ್ ಹಾಕೋದು ಮರೀಬೇಡಿ.

ಲೈಸೆನ್ಸ್, ಅಂಗಡಿಯವರು, ನೆರೆಮನೆ

ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳೋದೇ ಅಪರಾಧ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತೆ, ಅರ್ಜಿ ಹಾಕೋದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಪ್ರಾಥಮಿಕ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು, ಪಾಸಾದವರ ಕರೆಸಂಕೇತ ವಿಯು3ಯಿಂದ ಶುರು. ಜನರಲ್ ದರ್ಜೆಗೆ ಮೋರ್ಸ್ ಕೂಡ ಬರಬೇಕು, ಅವರದ್ದು ವಿಯು2. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡ್ತವೆ.

ಮೊಬೈಲ್ ಅಂಗಡಿಯವರು ಗಮನಿಸಿ. ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತ ಕಡಿಮೆ ಬೆಲೆಯ ವಾಕಿಟಾಕಿ ತರಿಸಿ ಮಾರೋದು ಕೈ ಸುಡುವ ವ್ಯಾಪಾರ. ಲೈಸೆನ್ಸ್ ವಿವರ ಹೇಳದೆ ಇವನ್ನು ಮಾರುತ್ತಿದ್ದ ಆನ್‌ಲೈನ್ ಕಂಪನಿಗಳಿಗೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿದೆ. ಇನ್ನು, ಲೈಸೆನ್ಸ್ ಪಡೆದವರೂ ಹ್ಯಾಮ್ ರೇಡಿಯೋದಲ್ಲಿ ವ್ಯಾಪಾರ ಮಾತಾಡೋ ಹಾಗಿಲ್ಲ. ಮಂಡಿಯಲ್ಲಿ ಇವತ್ತು ರಾಶಿ ಅಡಿಕೆ ರೇಟ್ ಎಷ್ಟು ಅಂತ ಕೇಳೋಕೆ ಇದು ಜಾಗ ಅಲ್ಲ.

ಕಂಬಕ್ಕೆ ಮುಂಚೆ ಗ್ರಾಮ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರೋದರಿಂದ ಶಿವಮೊಗ್ಗ ಸುತ್ತಮುತ್ತಲಿನವರು ಎತ್ತರದ ನಿರ್ಬಂಧವನ್ನೂ ವಿಚಾರಿಸಬೇಕು. ಪಕ್ಕದ ಮನೆಯವರು ರೇಡಿಯೇಷನ್ ಅಂತ ಹೆದರಿದರೆ ಜಗಳ ಬೇಡ, ಕರೆದು ತೋರಿಸಿ. ಮೊಬೈಲ್ ಟವರ್ ಹಗಲೂ ರಾತ್ರಿ ತರಂಗ ಬಿಡುತ್ತೆ, ಇದು ನೀವು ಗುಂಡಿ ಒತ್ತಿ ಮಾತಾಡುವಾಗ ಮಾತ್ರ. ನಿಜ ಹೇಳಬೇಕೆಂದರೆ ತೊಂದರೆ ಹೆಚ್ಚಾಗಿ ಆ ಕಡೆಯಿಂದಲೇ ಬರೋದು. ಅಗ್ಗದ ಎಲ್‌ಇಡಿ ಬಲ್ಬ್‌ಗಳ ಗೊರಗೊರ, ಕಾಡುಹಂದಿಗೆ ಹಾಕಿದ ಸೋಲಾರ್ ಬೇಲಿಯ ಸೆಕೆಂಡಿಗೊಂದು ಟಿಕ್ ಟಿಕ್. ಬೇಲಿ ತಂತಿಗೆ ತಾಗಿದ ಹುಲ್ಲು ಸವರಿ, ಸಡಿಲ ಜಾಯಿಂಟ್ ಬಿಗಿ ಮಾಡಿದರೆ ಎಷ್ಟೋ ಕಮ್ಮಿ ಆಗುತ್ತೆ. ಬೇಲಿಗೂ ಒಳ್ಳೆಯದು.

ವರ್ಷಕ್ಕೆರಡು ಸಲ

ಮೇ ಮೊದಲ ವಾರ ಒಂದು ಸಲ, ದೀಪಾವಳಿ ಹೊತ್ತಿಗೆ ಇನ್ನೊಂದು ಸಲ ಕಂಬದ ಸುತ್ತ ಒಂದು ಗಂಟೆ ಕೊಡಿ. ಸ್ಟೇ ಒಂದೊಂದನ್ನೇ ಕೈಯಲ್ಲಿ ಎಳೆದು ನೋಡಿ, ಮೂರೂ ಒಂದೇ ಬಿಗಿ ಇರಬೇಕು. ಪೈಪಿನ ಜಾಯಿಂಟ್, ಬುಡದ ಮಣ್ಣು ತಾಗೋ ಜಾಗ ನೋಡಿ, ತುಕ್ಕು ಹಿಡಿಯೋಕೆ ಶುರುವಾಗೋದು ಅಲ್ಲೇ. ಉಪ್ಪುಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಮೇಲೆ ಪೇಂಟ್. ಅರ್ತ್ ಕ್ಲಾಂಪ್ ಹಸಿರುಗಟ್ಟಿದ್ದರೆ ಬಿಚ್ಚಿ ಒರೆಸಿ ಮತ್ತೆ ಬಿಗಿಯಿರಿ. ಎಸ್‌ಡಬ್ಲ್ಯುಆರ್ ಎಷ್ಟು ಬಂತು ಅಂತ ತಾರೀಖು ಸಮೇತ ಗೋಡೆ ಮೇಲೆ ಬರೆದಿಡಿ. ಹೋದ ವರ್ಷ 1.3 ಇದ್ದದ್ದು ಈಗ 2 ಆಗಿದ್ದರೆ ಕೇಬಲ್ ಒಳಗೆ ನೀರು ಇಳಿದಿದೆ ಅಥವಾ ಇಲಿ ಕಡಿದಿದೆ ಅಂತಲೇ ಲೆಕ್ಕ. ಮತ್ತೆ ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಬರೀ ಬ್ಯಾಟರಿಯಲ್ಲಿ ಬೇರೆ ಜಿಲ್ಲೆಯ ಒಬ್ಬ ಹ್ಯಾಮ್ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ.